ಹೆದರಬೇಕಾದದ್ದು ಬೇತಾಳನಿಗಲ್ಲ

ದೆವ್ವದ ಕಥೆ ಓದಿದರೆ ಮಕ್ಕಳು ಹೆದರಿಕೊಳ್ಳುತ್ತಾರೆ, ಅಂಥ ಪುಸ್ತಕ ಕೊಡಬೇಡಿ ಎಂದು ದೊಡ್ಡವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಗೆಳೆಯ ಗೆಳತಿಯರೇ, ವಿಕ್ರಮ ಬೇತಾಳನ ಕಥೆಯನ್ನು ಕೊನೆಯವರೆಗೆ ಓದಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ?

ಕನ್ನಡದಲ್ಲಿ 1949ರಿಂದ ಬರುತ್ತಿದ್ದ ಚಂದಮಾಮ 2013ರಲ್ಲಿ ನಿಂತುಹೋಯಿತು. ಅದರ ಹಳೇ ಸಂಚಿಕೆಗಳು ನಮ್ಮ ಮಾವನ ಮನೆ ಅಟ್ಟದಲ್ಲಿವೆ. ರಾಜ ಶವವನ್ನು ಹೆಗಲಿಗೆ ಹಾಕ್ಕೊಂಡು ಸ್ಮಶಾನದಲ್ಲಿ ನಡೀತಾನೆ. ಶವದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು, ಹೇಳಿದರೆ ಶವ ವಾಪಸ್ ಮರಕ್ಕೆ! ತಿಂಗಳು ತಿಂಗಳೂ ಇದೇ ಕೆಲಸ. ಪಾಪ, ನಮ್ಮ ಲೆಕ್ಕದ ಪೀರಿಯಡ್ಡಿನ ಹಾಗೆ.

ಕಥೆಯ ಕೊನೆ ಇರುವುದು 11ನೇ ಶತಮಾನದಲ್ಲಿ ಸೋಮದೇವ ಸಂಸ್ಕೃತದಲ್ಲಿ ಬರೆದ ಕಥಾಸರಿತ್ಸಾಗರದಲ್ಲಿ. ಶವ ತರಲು ಹೇಳಿದವನು ಒಬ್ಬ ಸನ್ಯಾಸಿ. ದಿನಾ ರಾಜನಿಗೆ ಹಣ್ಣಿನೊಳಗೆ ರತ್ನ ಇಟ್ಟು ಕೊಡುತ್ತಿದ್ದವನು. ಅವನಿಗೆ ಬೇಕಾಗಿದ್ದದ್ದು ರಾಜನ ಬಲಿ! ಇದನ್ನು ತಿಳಿಸಿ ಉಪಾಯ ಹೇಳಿಕೊಟ್ಟದ್ದು ಬೇತಾಳ. ಸನ್ಯಾಸಿ ಅಡ್ಡ ಬೀಳು ಎಂದಾಗ ರಾಜ, ನನಗೆ ಗೊತ್ತಿಲ್ಲ, ಮೊದಲು ನೀವೇ ತೋರಿಸಿ ಅಂದ. ಸನ್ಯಾಸಿ ಬಗ್ಗಿದ. ತಲೆ ಹೋಯಿತು.

ಕಳೆದ ವರ್ಷ ಕಕ್ಕಡದ ಮಳೆಯಲ್ಲಿ ನನ್ನ ತಂಗಿಗೆ ಒಂದು ವಾರ ಜ್ವರ ಇಳಿಯಲೇ ಇಲ್ಲ. ಕರೆಂಟೂ ಇರಲಿಲ್ಲ. ಅಜ್ಜಿ ಒಬ್ಬ ಮಂತ್ರವಾದಿಯನ್ನು ಕರೆಸಿದರು. ನಗುನಗುತ್ತಾ ಮಾತಾಡುವ ಮನುಷ್ಯ, ನನಗೆ ಪೆಪ್ಪರಮಿಂಟು ಬೇರೆ ಕೊಟ್ಟ. ಕೋಳಿಯನ್ನು ಮೊದಲೇ ಚೀಲಕ್ಕೆ ಹಾಕ್ಕೊಂಡ. ಆಮೇಲೆ, "ಕಾಫಿ ತೋಟದಲ್ಲಿ ದೆವ್ವ ಹಿಡಿದಿದೆ. ಮಗು ಔಷಧಿ ಮುಟ್ಟಬಾರದು. 500 ರೂಪಾಯಿ ಆಗ್ತದೆ" ಅಂದ. ನನಗೆ ಹಣ್ಣಿನೊಳಗಿನ ರತ್ನ ನೆನಪಾಯಿತು. ಕಾಲು ನಡುಗುತ್ತಿತ್ತು, ಆದರೂ ಕೇಳಿಯೇಬಿಟ್ಟೆ.

"ದೆವ್ವ ಎಲ್ಲಿದೆ? ಮೊದಲು ನೀವೇ ತೋರಿಸಿ."

ಅಜ್ಜಿ ನನ್ನ ತೊಡೆ ಚಿವುಟಿದರು. ಮಕ್ಕಳ ಕಣ್ಣಿಗೆ ಕಾಣೋದಿಲ್ಲ ಎಂದ. "ಹಾಗಾದ್ರೆ ಅಪ್ಪನಿಗೆ ತೋರಿಸಿ" ಅಂದೆ. ಅಪ್ಪ ಏನೂ ಹೇಳದೆ ಕೊಡೆ ತಗೊಂಡು ಜೀಪು ಕರೆಯಲು ಹೋದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಟೈಫಾಯಿಡ್ ಎಂದರು. ತಂಗಿ ಈಗ ಎರಡನೇ ತರಗತಿಯಲ್ಲಿ ಗಲಾಟೆ ಮಾಡ್ತಾ ಇದ್ದಾಳೆ. ಕೋಳಿ ಮಾತ್ರ ವಾಪಸ್ ಬರಲಿಲ್ಲ.

ಗುಮ್ಮ ಬರ್ತಾನೆ ಎಂದು ಹೆದರಿಸುವಾಗ ಬರೀ ಹೆದರಿಕೆ ಇರುತ್ತದೆ. ಕಥೆಯಲ್ಲಾದರೆ ಹೆದರಿಕೆಯ ಜೊತೆ ಉಪಾಯವೂ ಇರುತ್ತದೆ, ನಗುವೂ ಇರುತ್ತದೆ. (ಬೇತಾಳನ ಕಥೆ ಓದಿದ ರಾತ್ರಿ ನಾನು ಒಬ್ಬನೇ ಬಚ್ಚಲಿಗೆ ಹೋಗಲಿಲ್ಲ ಎಂಬುದೂ ನಿಜ.)

ನಮ್ಮ ಶಾಲೆಯ ಬೀರುವಿನಲ್ಲಿ ಬೇತಾಳನ ಪುಸ್ತಕ ಮೇಲಿನ ಸಾಲಿನಲ್ಲಿದೆ, ಯಾರ ಕೈಗೂ ಎಟಕುವುದಿಲ್ಲ. ಅದನ್ನು ಕೆಳಗಿನ ಸಾಲಿನಲ್ಲಿ ಇಡಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಅಟ್ಟದಲ್ಲಿರುವ ಚಂದಮಾಮಗಳನ್ನು ನಾನು ತರುತ್ತೇನೆ, ಮಾವ ಒಪ್ಪಿದ್ದಾರೆ.

— 7ನೇ ತರಗತಿ ವಿದ್ಯಾರ್ಥಿ