ಫುಲೆ ಅರ್ಪಣೆ ಮುಗ್ಧ ಮೋಹವಲ್ಲ

ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅಮೆರಿಕದ ಜನರಿಗೆ ಅರ್ಪಿಸಿದ್ದು ದೂರದೇಶದ ಮೇಲಿನ ಮುಗ್ಧ ಮೋಹ, ಅಲ್ಲಿನ ಗುಲಾಮರಿಗೂ ನಮ್ಮ ಜಾತಿಗೂ ಸಂಬಂಧವಿಲ್ಲ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ನಾನಿದನ್ನು ಒಪ್ಪಲಾರೆ.

ಅರ್ಪಣೆಯನ್ನು ಅವರು ಪೂರ್ತಿ ಓದಬೇಕಿತ್ತು. ಮೊದಲರ್ಧ ಕರಿಯರ ಬಿಡುಗಡೆಗೆ ದುಡಿದವರಿಗೆ ಸಂದ ಮೆಚ್ಚುಗೆ. ಉಳಿದರ್ಧ ಫುಲೆ ತಮ್ಮ ದೇಶದವರ ಮುಂದಿಟ್ಟ ಬೇಡಿಕೆ: ಅದೇ ದಾರಿ ಹಿಡಿದು ಶೂದ್ರ ಸೋದರರನ್ನು ಬಿಡಿಸಿ. ಆ ಮಾತಿನ ಗುರಿ ಅವರ ಊರಾದ ಪುಣೆಯೇ. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದು, 1868ರಲ್ಲಿ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ಬಿಟ್ಟುಕೊಟ್ಟು ಊರವರ ಕೋಪ ಉಂಡವರು ಮುಗ್ಧರೇ? ಪುಸ್ತಕ ಬಂದ 1873ರಲ್ಲೇ, ಸೆಪ್ಟೆಂಬರ್ 24ರಂದು, ಸತ್ಯಶೋಧಕ ಸಮಾಜವೂ ಹುಟ್ಟಿತು.

ಒಂದು ಮಾತು ಲೇಖಕರ ಪರವಾಗಿದೆ. ಅಮೆರಿಕ ಅಷ್ಟು ನಿರ್ಮಲವಾಗಿರಲಿಲ್ಲ. 1862ರ ಕಾಯ್ದೆ ವಲಸಿಗರಿಗೆ ತಲಾ 160 ಎಕರೆ ಹಂಚಿತು. ಆ ನೆಲ ಮೂಲನಿವಾಸಿಗಳಿಂದ ಕಸಿದದ್ದು. ಆದರೆ ಬಿಡುಗಡೆಯಾದ ಕರಿಯರನ್ನು ದಕ್ಷಿಣದಲ್ಲಿ ಕೈಬಿಟ್ಟದ್ದು 1877ರಲ್ಲಿ. ಅದನ್ನು 1873ರ ಪುಸ್ತಕದ ತಲೆಗೆ ಕಟ್ಟುವುದು ಅನ್ಯಾಯ.

ಇನ್ನು ಸಂಬಂಧದ ಮಾತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತಾಗ ನಮ್ಮ ಧಾರವಾಡದ ಹತ್ತಿಗೂ ಬೆಲೆ ಏರಿತ್ತು. 1946ರಲ್ಲಿ ಅಂಬೇಡ್ಕರರು ಕರಿಯರ ನಾಯಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ ಅಹವಾಲಿನ ಪ್ರತಿ ಕೇಳಿದ್ದರು.