ಕನ್ನಡ ಸಾಲಿಯ ವಿಶೇಷ ಮಕ್ಕಳಿಗೆ ಕನ್ನಡ ಬಲ್ಲ ಶಿಕ್ಷಕರೆಲ್ಲಿ?

ಸೋಲಾಪುರ, ಅಕ್ಕಲಕೋಟ ಭಾಗದ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ಚರ್ಚೆಯಾಗುವುದು ಅದೇ ಮೂರು ನಾಲ್ಕು ಸಂಗತಿ. ಖಾಲಿ ಬಿದ್ದ ಶಿಕ್ಷಕರ ಹುದ್ದೆ, ಇಳಿಯುತ್ತಿರುವ ಪಟಸಂಖ್ಯೆ, ಪುಸ್ತಕ, ಕಟ್ಟಡ. ಇವೆಲ್ಲ ಖರೇನೇ. ಆದರೆ ಅದೇ ಶಾಲೆಯ ಕೊನೆಯ ಸಾಲಿನಲ್ಲಿ ಕೂತ ಮಗುವಿನ ಮಾತು ಯಾವ ಸಭೆಯಲ್ಲೂ ಬರುವುದಿಲ್ಲ. ಮೂರನೇ ಇಯತ್ತೆಗೆ ಬಂದರೂ ತನ್ನ ಹೆಸರು ಬರೆಯಲು ಬಾರದ ಮಗು, ಕರೆದರೆ ತಿರುಗಿ ನೋಡದ ಮಗು, ಒಂದು ಕಡೆ ಐದು ನಿಮಿಷ ಕೂಡದ ಮಗು. ‘ಅಂವಗ ತಲಿ ಓಡಂಗಿಲ್ಲ ಬಿಡ್ರಿ’ ಎಂಬ ಒಂದೇ ಮಾತಿನಲ್ಲಿ ಅದರ ಹಣೆಬರಹ ಬರೆದು ಮುಗಿಸಲಾಗುತ್ತದೆ.

ಕಾಯ್ದೆಗಳಿಗೆ ಕೊರತೆಯಿಲ್ಲ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. 2012ರ ತಿದ್ದುಪಡಿಯಿಂದ ಅಂಗವಿಕಲ ಮಕ್ಕಳೂ ಅದರಲ್ಲಿ ಸ್ಪಷ್ಟವಾಗಿ ಸೇರಿದರು. ತೀವ್ರ ಅಂಗವಿಕಲತೆ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಅವಕಾಶವೂ ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಕಣ್ಣು, ಕಿವಿ, ಕೈಕಾಲು ಮಾತ್ರವಲ್ಲ, ಆಟಿಸಂ, ಬೌದ್ಧಿಕ ನ್ಯೂನತೆ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳೂ ಆ ಪಟ್ಟಿಯಲ್ಲಿವೆ. ಶೇ. 40 ಅಥವಾ ಹೆಚ್ಚು ನ್ಯೂನತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಇಲ್ಲವೆ ತಮಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು.

ಇನ್ನು ಶಿಕ್ಷಕರ ವಿಷಯ. 2021ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಹೇಳಿತು. ಮಹಾರಾಷ್ಟ್ರ ಸರಕಾರ 2024ರಲ್ಲಿ ಕೇಂದ್ರ ಮಟ್ಟದಲ್ಲಿ 4,860 ವಿಶೇಷ ಶಿಕ್ಷಕರ ಹುದ್ದೆಗಳಿಗೆ ಮಂಜೂರಾತಿ ಕೊಟ್ಟಿತು. ಒಳ್ಳೆಯ ಹೆಜ್ಜೆಯೇ. ಆದರೆ ಒಂದು ಕೇಂದ್ರದ ಕೆಳಗೆ ಹತ್ತು ಹನ್ನೆರಡು ಶಾಲೆಗಳಿದ್ದರೆ ಒಬ್ಬ ಶಿಕ್ಷಕ ಒಂದು ಶಾಲೆಗೆ ಎಷ್ಟು ಸಲ ಬಂದಾನು? ಹೆಚ್ಚೆಂದರೆ ತಿಂಗಳಿಗೆ ಎರಡು ಸಲ. ಆ ಎರಡು ದಿನವೂ ಶಿಕ್ಷಕರ ಮಾತು ಮಗುವಿಗೆ ತಿಳಿಯದಿದ್ದರೆ?

ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕುಗಳ ಹಳ್ಳಿಗಳಿಗೆ ಉಳಿದ ಮಹಾರಾಷ್ಟ್ರಕ್ಕಿಲ್ಲದ ಪ್ರಶ್ನೆ ಇದು. ನಾಗಣಸೂರ, ತೋಳನೂರ, ಮೈಂದರ್ಗಿ, ದುಧನಿ ಕಡೆ ಮನೆಮಾತು ಕನ್ನಡ. ಮಗು ಅಳುವುದು, ನಗುವುದು, ಹಟ ಮಾಡುವುದು ಎಲ್ಲ ಕನ್ನಡದಲ್ಲಿ. ಪರೀಕ್ಷೆ ಮಾತ್ರ ಮರಾಠಿಯಲ್ಲಿ ಆದರೆ ಏನಾಗುತ್ತದೆ? ಚಿತ್ರಗಳ ಹಾಳೆ ಮುಂದಿಟ್ಟು ‘ಚಿಮಣಿ ಯಾವುದು, ತೋರಿಸು’ ಎಂದು ಮರಾಠಿಯಲ್ಲಿ ಕೇಳಿದರೆ ಗುಬ್ಬಿ ತೋರಿಸಬೇಕು. ಕನ್ನಡದ ಮಗುವಿಗೆ ಚಿಮಣಿ ಎಂದರೆ ಅಜ್ಜಿ ಹೇಳುವ ಚಿಮಣಿ ಎಣ್ಣಿಯ ದೀಪ. ಅದು ದೀಪ ಹುಡುಕುತ್ತದೆ, ಸಿಗದೆ ಸುಮ್ಮನೆ ಕೂಡುತ್ತದೆ. ಕಾಗದದ ಮೇಲೆ ಒಂದು ಗುಣ ಕಡಿಮೆ. ಇಂಥವು ಹತ್ತು ಆದರೆ ಬುದ್ಧಿಯೇ ಕಡಿಮೆ ಎಂಬ ಷರಾ.

ಉಲ್ಟಾ ಕೂಡ ಆಗುತ್ತದೆ. ‘ಕನ್ನಡದ ಹುಡುಗ, ಮರಾಠಿ ಬರಂಗಿಲ್ಲ, ಅದಕ್ಕ ಹಿಂದ ಬಿದ್ದಾನ’ ಎಂದು ಸಮಾಧಾನ ಹೇಳುತ್ತ ಖರೇ ಇರುವ ನ್ಯೂನತೆಯನ್ನೇ ನಾಲ್ಕು ವರ್ಷ ಮುಚ್ಚಿಡಲಾಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವ ದಾರಿ ಇದೆ. ಮನೆಯಲ್ಲಿ ಕನ್ನಡದಲ್ಲಿ ಮಗು ಹೇಗೆ ಮಾತಾಡುತ್ತದೆ, ಹೇಳಿದ್ದು ತಿಳಿದುಕೊಳ್ಳುತ್ತದೆಯೇ, ಕಥೆ ಹೇಳುತ್ತದೆಯೇ ಎಂದು ಮೊದಲು ನೋಡಬೇಕು. ಮನೆಮಾತಿನಲ್ಲೇ ತೊಡಕಿದ್ದರೆ ಅದು ಭಾಷೆಯ ಅಡಚಣೆಯಲ್ಲ, ವೈದ್ಯರ ತಪಾಸಣೆ ಬೇಕು. ಮಾತು ಅರಳು ಹುರಿದಂತೆ ಇದ್ದು ಓದುವಾಗ ಮಾತ್ರ ನಾಲಿಗೆ ತಡವರಿಸಿದರೆ ಡಿಸ್ಲೆಕ್ಸಿಯಾ ಇರಬಹುದೇ ಎಂದು ನೋಡಬೇಕು. ಕರೆದರೆ ತಿರುಗದ ಮಗುವಿನ ಕಿವಿ ಮೊದಲು ತೋರಿಸಬೇಕು. ಕಿವಿ ಸೋರುವ ಮಗುವನ್ನು ‘ಮೊಂಡ’ ಎಂದು ಬೈದು ವರ್ಷಗಟ್ಟಲೆ ಹಿಂದೆ ಕೂಡ್ರಿಸುವುದುಂಟು.

ಓದಿನ ತೊಡಕು ಗುರುತಿಸಲು ಸಾಧನ ಇಲ್ಲ ಎನ್ನುವಂತಿಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆಯನ್ನು ಹೊರತಂದಿತು. ಒಂದರಿಂದ ಐದನೇ ಇಯತ್ತೆಯ ಮಕ್ಕಳಿಗೆ ಅದು. ಭಾಷೆಗಳು ಯಾವವು ಅಂದರೆ ಹಿಂದಿ, ಇಂಗ್ಲಿಷ್, ಮರಾಠಿ ಮತ್ತು ಕನ್ನಡ! ಅಕ್ಕಲಕೋಟ ತಾಲೂಕಿಗೆಂದೇ ಮಾಡಿದಂತಿದೆ. ಶಿಕ್ಷಕರೇ ತುಂಬಬಹುದಾದ ಪ್ರಾಥಮಿಕ ಪಟ್ಟಿಯೂ ಅದರಲ್ಲಿದೆ. ಗಟಶಿಕ್ಷಣಾಧಿಕಾರಿಗಳ ಕಚೇರಿ ಮನಸ್ಸು ಮಾಡಿದರೆ ಕನ್ನಡ ಶಾಲೆಗಳ ಗುರುಗಳಿಗೆ ಎರಡು ದಿನದ ತರಬೇತಿ ಕೊಟ್ಟು ಇದನ್ನು ಬಳಕೆಗೆ ತರಬಹುದು.

ಇಲ್ಲಿಯ ಮಗುವಿನ ಮೇಲಿನ ಭಾರವೂ ದೊಡ್ಡದು. ಕನ್ನಡ ಮಾಧ್ಯಮದ ಮಗು ಸಣ್ಣ ವಯಸ್ಸಿನಲ್ಲೇ ಮೂರು ಲಿಪಿ ಕಲಿಯಬೇಕು. ಕನ್ನಡ, ಮರಾಠಿಯ ದೇವನಾಗರಿ, ಜೊತೆಗೆ ಇಂಗ್ಲಿಷ್. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಬರುತ್ತದೆ, ಮರಾಠಿಯಲ್ಲಿ ಅರ್ಧ ಅಕ್ಷರ ಪಕ್ಕಕ್ಕೆ ಅಂಟುತ್ತದೆ. ದ, ಧ, ಥ ನಡುವಿನ ಸಣ್ಣ ಗೆರೆಯಲ್ಲೇ ಗೊಂದಲಕ್ಕೆ ಬೀಳುವ ಮಗುವಿಗೆ ಇದು ಮೂರು ಪಟ್ಟು ಹೊರೆ. ಕನ್ನಡ ಓದುವುದನ್ನು ಕಲಿಯುವ ಮಕ್ಕಳ ಬಗ್ಗೆ ಬೆಂಗಳೂರಿನಲ್ಲಿ ನಡೆದ ಸೋನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕನ್ನಡದ ಎಲ್ಲ ಅಕ್ಷರ, ಕಾಗುಣಿತ, ಒತ್ತು ಕೈವಶವಾಗಲು ಯಾವುದೇ ತೊಂದರೆ ಇಲ್ಲದ ಮಕ್ಕಳಿಗೂ ನಾಲ್ಕನೇ ಇಯತ್ತೆಯವರೆಗೆ ಸಮಯ ಬೇಕಾಗುತ್ತದೆ ಎಂಬುದು ಅದರಲ್ಲಿ ಕಂಡುಬಂತು. ಹೀಗಿರುವಾಗ ದೀಪಾವಳಿ ಸೂಟಿಯ ಒಳಗೆ ಬಳ್ಳಿ ಮುಗಿಸಬೇಕೆಂಬ ಅವಸರ ಯಾಕೆ? 2025ರಲ್ಲಿ ಒಂದನೇ ಇಯತ್ತೆಯಿಂದಲೇ ಹಿಂದಿ ಕಲಿಸುವ ಆದೇಶ ಬಂದು, ಗದ್ದಲವಾಗಿ, ಜೂನ್ ಕೊನೆಗೆ ಹಿಂದಕ್ಕೆ ಹೋಯಿತು. ಅಷ್ಟೆಲ್ಲ ಭಾಷಣಗಳ ನಡುವೆ ಹೆಚ್ಚಿಗೆ ಒಂದು ಭಾಷೆ ಈ ಮಕ್ಕಳಿಗೆ ಏನು ಮಾಡೀತು ಎಂದು ಕೇಳಿದವರು ವಿರಳ.

ವಿಶೇಷ ಶಿಕ್ಷಕರು ಬರುವ ತನಕ ವರ್ಗದ ಗುರುಗಳು ಕೈಕಟ್ಟಿ ಕೂಡಬೇಕಿಲ್ಲ. ಮಗುವನ್ನು ಮುಂದಿನ ಸಾಲಿಗೆ ತರಲು ಯಾವ ಅನುದಾನವೂ ಬೇಡ. ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಬರೆಯಲಾಗದ ಉತ್ತರವನ್ನು ಬಾಯಿಂದ ಹೇಳಿಸುವುದು, ಜೋಡಿಗೆ ಒಬ್ಬ ಶಾಣ್ಯಾ ಗೆಳೆಯನನ್ನು ಕೂಡ್ರಿಸುವುದು. ಅಕ್ಷರ ತಿದ್ದಿಸಲು ಹಲಗೆಯ ಮೇಲೆ ಜೋಳದ ಕಾಳು ಸಾಕು. ಸೋಲಾಪುರ ಜಿಲ್ಲೆಯಲ್ಲಿ ಜೋಳಕ್ಕೇನು ಬರವೇ? ಕಾಳು ಜೋಡಿಸುತ್ತ ಬೆರಳಿಗೆ ಅಕ್ಷರದ ತಿರುವು ಗೊತ್ತಾಗುತ್ತದೆ.

ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಕನ್ನಡದಲ್ಲಿ ಮಾತಿನ ತರಬೇತಿ ಕೊಡುವ ಅನುಭವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದೆ. ದುಧನಿಯಲ್ಲಿ ರೈಲು ಹತ್ತಿದರೆ ಕಲಬುರಗಿ ದೂರವಲ್ಲ. ಗಡಿಯಾಚೆಯ ಕನ್ನಡಿಗರಿಗೆ ನೆರವಾಗಬೇಕಾದ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಭವನ, ಉತ್ಸವಗಳ ಜೊತೆಗೆ ಕಲಬುರಗಿ, ವಿಜಯಪುರದಿಂದ ಕನ್ನಡ ಬಲ್ಲ ತಜ್ಞರನ್ನು ತಿಂಗಳಿಗೊಂದು ದಿನ ಅಕ್ಕಲಕೋಟಕ್ಕೆ ಕಳಿಸುವ ವ್ಯವಸ್ಥೆ ಮಾಡಿದರೆ ಎಷ್ಟು ಖರ್ಚಾದೀತು? ಎರಡು ಸರಕಾರಗಳು ಗಡಿಗಾಗಿ ಕೋರ್ಟಿನಲ್ಲಿ ಜಗಳಾಡಲಿ, ಮಗುವಿನ ಕಿವಿ ತಪಾಸಣೆಗೆ ಆ ತೀರ್ಪು ಬರುವವರೆಗೆ ಕಾಯಬೇಕಿಲ್ಲ.

ತಂದೆ ತಾಯಂದಿರ ಕೈಯಲ್ಲೂ ಕೆಲಸವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದ ದಿನ ‘ಮಂದಿ ಏನಂದಾರು’ ಎಂದು ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರುತ್ತಾರೆ, ಅಲ್ಲಿ ಈ ವಿಷಯ ಎತ್ತಬೇಕು. ಮಗುವಿನ ಪರೀಕ್ಷೆ ಕನ್ನಡದಲ್ಲಿ, ಇಲ್ಲವೆ ಕನ್ನಡ ಬಲ್ಲವರನ್ನು ಜೊತೆಗಿಟ್ಟುಕೊಂಡು ಆಗಬೇಕೆಂದು ಮುಖ್ಯಾಧ್ಯಾಪಕರಿಗೆ ಅರ್ಜಿ ಕೊಟ್ಟು, ಒಂದು ಪ್ರತಿಯನ್ನು ಗಟಶಿಕ್ಷಣಾಧಿಕಾರಿಗಳ ಕಚೇರಿಗೆ ಮುಟ್ಟಿಸಿ ಶಿಕ್ಕಾ ಹೊಡೆಸಿಕೊಂಡು ಇಟ್ಟುಕೊಳ್ಳಬೇಕು. ಸಂವಿಧಾನದ 350ನೇ ಕಲಮಿನ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದು, ಹೀಗಾಗಿ ಅರ್ಜಿ ಕನ್ನಡದಲ್ಲಿದ್ದರೂ ನಡೆಯುತ್ತದೆ. ಜೊತೆಗೆ ಒಂದು ಮರಾಠಿ ಪ್ರತಿ ಲಗತ್ತಿಸಿದರೆ ಕೆಲಸ ಲಗೂನ ಆಗುತ್ತದೆ.