ಸಂತಾನ ನಿಯಂತ್ರಣ: ಭಾರವೆಲ್ಲ ಮಹಿಳೆಗೇ ಏಕೆ?

ಮುಂಡಗೋಡ: ನಾಟಿ, ಕಳೆ, ಕೊಯ್ಲಿನ ಕೂಲಿಯನ್ನೇ ನಂಬಿದ ಇಲ್ಲಿನ ಹಳ್ಳಿಗಳ ಮಹಿಳೆಗೆ ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ ದುಬಾರಿ. ಆದರೂ ಸಂತಾನ ನಿಯಂತ್ರಣದ ಹೊಣೆ ಆಕೆಯದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57.4ರಷ್ಟು ಮಂದಿ ಸಂತಾನಶಕ್ತಿಹರಣ ಚಿಕಿತ್ಸೆಗೆ ಒಳಗಾಗಿದ್ದಾರೆ. ಪುರುಷರ ಪ್ರಮಾಣ ಬಹುತೇಕ ಶೂನ್ಯ. ಹೊಲಿಗೆಯಿಲ್ಲದ ಪುರುಷ ಚಿಕಿತ್ಸೆಯೇ ಹೆಚ್ಚು ಸರಳ, ಸುರಕ್ಷಿತ ಎಂಬುದು ವೈದ್ಯಲೋಕ ಒಪ್ಪಿದ ಮಾತು.

ತಾತ್ಕಾಲಿಕ ವಿಧಾನಗಳಿಗೂ ಅಡ್ಡಪರಿಣಾಮಗಳಿವೆ. ಕಾಪರ್-ಟಿ ಅಳವಡಿಸಿದ ಮೊದಲ ತಿಂಗಳುಗಳಲ್ಲಿ ರಕ್ತಸ್ರಾವ ಹೆಚ್ಚಬಹುದು. ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆ ಕಂಡುಬಂದ ರಾಜ್ಯದಲ್ಲಿ ಇದು ಸಣ್ಣ ಸಂಗತಿಯಲ್ಲ. ಮೂರು ತಿಂಗಳಿಗೊಮ್ಮೆ ನೀಡುವ ‘ಅಂತರ’ ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗಬಹುದು. ಇದನ್ನು ಮೊದಲೇ ತಿಳಿಸದಿದ್ದರೆ ಮಹಿಳೆ ಹೆದರಿ ವಿಧಾನವನ್ನೇ ಕೈಬಿಡುತ್ತಾಳೆ. ಉಳಿಯುವುದು ಮತ್ತೆ ಶಸ್ತ್ರಚಿಕಿತ್ಸೆಯೊಂದೇ. ಆಪ್ತಸಮಾಲೋಚನೆಗೆ ಪತಿಯನ್ನೂ ಕರೆಯುವುದು ಆರೋಗ್ಯ ಇಲಾಖೆಯ ಮೊದಲ ಹೆಜ್ಜೆಯಾಗಬೇಕು.